ನನಗಿಟ್ಟ ಎಡೆ

ಪುಟ್ಟೇನಹಳ್ಳಿ, ಯಲಹಂಕ
೨೮ ಸೆಪ್ಟೆಂಬರ್ ೨೦೨೫

ಹೋಳಿಗೆ ಅಂಗಡಿಯ ಸೌಜನ್ಯ ಅವರಿಗೆ ನಾಗಮಣಿಯ ನಮಸ್ಕಾರಗಳು.

ನಾನು ಹರ್ಷಿತಾಳ ತಾಯಿ. ಹೆದರಬೇಡಿ, ಈ ಕಾಗದ ಬರೆಯುತ್ತಿರುವುದು ಬದುಕಿರುವ ಹೆಂಗಸೇ. ನೀವು ಕ್ಷೇಮವೆಂದು ನಂಬಿದ್ದೇನೆ. ನನ್ನ ಬಗ್ಗೆ ನಿಮಗೆ ಸಿಕ್ಕಿರುವ ಸುದ್ದಿ ಮಾತ್ರ ಶುದ್ಧ ಸುಳ್ಳು.

ಕಳೆದ ಭಾನುವಾರ, ಮಹಾಲಯ ಅಮಾವಾಸ್ಯೆಯ ದಿನ, ನಿಮ್ಮ ಯಜಮಾನರು ಸ್ಕೂಟರಿನಲ್ಲಿ ಬಂದು ಹರ್ಷಿತಾಳಿಗೆಂದು ಒಂದು ಡಬ್ಬಿ ಕೊಟ್ಟರು. ಅವಳು ಟ್ಯೂಷನ್‌ಗೆ ಹೋಗಿದ್ದಳು. ಮುಚ್ಚಳ ತೆಗೆದರೆ ವಡೆ, ಪಾಯಸ, ಹೋಳಿಗೆ. ಒಂದು ವಡೆ ಬಾಯಿಗೆ ಹಾಕಿಕೊಂಡೆ. ಅಷ್ಟರಲ್ಲಿ ಅವರು ಸ್ಕೂಟರ್ ತಿರುಗಿಸಿಕೊಂಡು ಬಂದರು. “ಮರ್ತೇ ಹೋಗಿತ್ತು ಕಣ್ರೀ, ಅವಳಮ್ಮನ ಫೋಟೋ ಮುಂದೆ ಎಡೆ ಇಟ್ಟಾದ್ಮೇಲೇನೇ ತಿನ್ಬೇಕಂತೆ. ಪಾಪ, ತಾಯಿಲ್ಲದ ಮಗು. ನೀವು ಚಿಕ್ಕಮ್ಮನಾ?” ಎಂದರು. ಬಾಯಲ್ಲಿ ವಡೆ ಇಟ್ಟುಕೊಂಡು ಜಗಳ ಆಡಲಾಗುವುದಿಲ್ಲ. ಹೂಂ ಎಂದೆ.

ಶಾಲೆಯವರು ಸುತ್ತಲಿನ ಅಂಗಡಿ, ಗ್ಯಾರೇಜು, ಕ್ಲಿನಿಕ್‌ನವರನ್ನೆಲ್ಲ ಸೇರಿಸಿ, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಶನಿವಾರ ಮಧ್ಯಾಹ್ನ ಕೆಲಸ ಕಲಿಸಲು ಒಬ್ಬೊಬ್ಬ ಮೆಂಟರ್ ಎಂದು ಗೊತ್ತುಮಾಡಿದಾಗಲೇ ನನಗೆ ಅನುಮಾನ. ಗಾರ್ಮೆಂಟ್ಸ್‌ನಲ್ಲಿ ನನ್ನದು ಚೆಕಿಂಗ್ ಕೆಲಸ. ಎಂಥ ಚೆಂದದ ಬಟ್ಟೆ ಕೈಗೆ ಬಂದರೂ ಮೊದಲು ಒಳಮಗ್ಗುಲು ತಿರುಗಿಸಿ ನೋಡುತ್ತೇನೆ. ಕಂಡವರ ಮಗಳ ಮೇಲೆ ಹೋಳಿಗೆ ಅಂಗಡಿಯವರಿಗೆ ಏಕಿಷ್ಟು ಅಕ್ಕರೆ? ಬಿಟ್ಟಿ ಚಾಕರಿಗೇ ಎಂದುಕೊಂಡು ಬೇಡವೆಂದೆ. ನನ್ನ ಅತ್ತೆ ಗೋಪಾಲಮ್ಮನವರು ನಾನು ಕೆಲಸಕ್ಕೆ ಹೋದಾಗ ಅವಳನ್ನು ಕರೆದುಕೊಂಡು ಬಂದು ನಿಮ್ಮಲ್ಲಿ ಸೇರಿಸಿದರು. ಆಮೇಲೆ ಅವಳು ಹೊಸ ಥರದ ಜಡೆ ಹೆಣೆಸಿಕೊಂಡು ಬಂದಳು. ಗೌರಿ ಹಬ್ಬಕ್ಕೆ ರೇಷ್ಮೆ ಲಂಗ ಬಂತು. ನಿಮಗೆ ಹೆಣ್ಣುಮಕ್ಕಳಿಲ್ಲವೆಂದು ತಿಳಿದ ಮೇಲಂತೂ ನನಗೆ ಸಮಾಧಾನವೇ ಇಲ್ಲ. ಅವಳ ಬ್ಯಾಗ್ ತಡಕಿದೆ, ದುಪಟ್ಟಾ ಮೂಸಿದೆ. ಏಲಕ್ಕಿ ವಾಸನೆ ಬಿಟ್ಟು ಏನೂ ಸಿಗಲಿಲ್ಲ.

ಹಾಗಾಗಿ ನನ್ನನ್ನು ಸಾಯಿಸಿದ್ದು ನೀವೇ ಎಂದು ಮೊದಲು ತೀರ್ಮಾನಿಸಿದೆ. ತಾಯಿ ಇಲ್ಲವೆಂದಾದರೆ ಮಗಳು ಸುಲಭವಾಗಿ ಕೈಗೆ ಸಿಗುತ್ತಾಳಲ್ಲ! ಆಮೇಲೆ ಅತ್ತೆಯ ಮೇಲೆ ಸಂಶಯ ಬಂತು. ಕೇಳಿಯೇಬಿಟ್ಟೆ. ಅವರು ಎಲೆಯಡಿಕೆ ಜಗಿಯುತ್ತ, “ನಾನೇನೂ ಏಳ್ಲಿಲ್ಲ ಕಣಮ್ಮ. ನಿಮ್ಮಮ್ಮ ಯಾಕ್ ಬರ್ಲಿಲ್ಲ ಅಂತ ಆವಮ್ಮ ಕೇಳುದ್ರು. ತೀರ್ಕೊಂಡ್ರು ಅಂದ್ಲು ನಿನ್ ಮಗ್ಳು. ನಾನು ಸುಮ್ಕೆ ಕುಂತಿದ್ದೆ” ಎಂದರು. ಸೊಸೆ ಸತ್ತಳೆಂದರೆ ಅತ್ತೆ ಸುಮ್ಮನೆ ಕೂತದ್ದರಲ್ಲಿ ಆಶ್ಚರ್ಯವೇನಿದೆ!

ಹರ್ಷಿತಾ ಯಾಕೆ ಹಾಗೆ ಹೇಳಿದಳೋ ನನಗೆ ಗೊತ್ತಿಲ್ಲ. ಅವಳನ್ನು ಕೇಳಿಲ್ಲ. ಮನೆಯಲ್ಲಿ ಅವಳು ಮಾತಾಡುವುದೇ ಅಪರೂಪ, ಕರೆದರೆ ಓಗೊಡುವುದಿಲ್ಲ. ಒಟ್ಟಿನಲ್ಲಿ ಮುಂದಿನ ಶನಿವಾರದಿಂದ ಅವಳನ್ನು ಕಳಿಸುವುದಿಲ್ಲ. ಮಗಳು ಬೇಕಾದರೆ ದೇವರನ್ನು ಕೇಳಿ, ನನ್ನ ಮಗಳ ಮೇಲೆ ಕಣ್ಣಿಡಬೇಡಿ.

ಇಂತಿ,
ಇನ್ನೂ ಗಟ್ಟಿಮುಟ್ಟಾಗಿರುವ
ನಾಗಮಣಿ

ತಾ.ಕ.: ಮೇಲಿನದ್ದನ್ನು ಬೆಳಿಗ್ಗೆ ಬರೆದೆ, ಅಂಚೆಗೆ ಹಾಕಲು ಕೈ ಬರಲಿಲ್ಲ. ಅವಳು ಹಾಗೆ ಹೇಳಿದ್ದೇಕೆಂದು ಗೊತ್ತಿಲ್ಲ ಎಂದದ್ದು ಸುಳ್ಳು. ಅವಳು ಮೊದಲು ನಿಮ್ಮ ಅಂಗಡಿಗೆ ಬರುವ ವಿಷಯ ಎತ್ತಿದ ದಿನ, “ನಾನ್ ಸತ್ಮೇಲೆ ಹೋಗು, ಅಲ್ಲೀವರ್ಗೂ ಹೊಸ್ಲು ದಾಟ್ಬೇಡ” ಎಂದು ಕೂಗಾಡಿದ್ದೆ.

ಇನ್ನೊಂದು. ನಿನ್ನೆ ನಿಮ್ಮ ಮೇಲೆ ಜಗಳಕ್ಕೆಂದೇ ಬಂದು ಅಂಗಡಿಯ ಎದುರು ನಿಂತಿದ್ದೆ. ನೀವು ಒಳಗಿದ್ದಿರಿ. ಅವಳು ಕೌಂಟರಿನಲ್ಲಿದ್ದಳು. ಯಾರೋ ಗಿರಾಕಿ ತಡವಾಯಿತೆಂದು ರೇಗುತ್ತಿದ್ದ. “ಅಣ್ಣಾ, ತಣ್ಣಗಿರೋದು ಬೇಕಂದ್ರೆ ಈಗ್ಲೇ ಕೊಡ್ತೀನಿ. ಬಿಸೀದು ಬೇಕಂದ್ರೆ ನಿಂತ್ಕೊಳಿ” ಎಂದು ರಸ್ತೆಯ ಈಚೆಗೂ ಕೇಳುವಂತೆ ಹೇಳಿ ನಕ್ಕಳು. ಆ ಮನುಷ್ಯನೂ ನಕ್ಕ. ಅವಳಿಗೆ ಅಂಥ ದನಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಹೊಟ್ಟೆಕಿಚ್ಚಾಯಿತು, ಹೆಮ್ಮೆಯೂ ಆಯಿತು. ಬಸ್ಸಿನಲ್ಲಿ ಅತ್ತುಕೊಂಡು ಮನೆಗೆ ಬಂದೆ.

ಅವಳು ಬರಲಿ. ಈ ಕಾಗದದ ವಿಷಯ ಅವಳಿಗೆ ತಿಳಿಸಬೇಡಿ, ತಿಳಿದರೆ ನಾಚಿಕೆಯಿಂದ ನಿಮ್ಮ ಕಡೆ ಮುಖ ಹಾಕುವುದಿಲ್ಲ. ಮಾರ್ಚ್‌ನಲ್ಲಿ ಶಾಲೆಯವರ ಕಾರ್ಯಕ್ರಮ ಮುಗಿಯುವವರೆಗೆ ನಿಮ್ಮ ಅಂಗಡಿಯ ಮಟ್ಟಿಗೆ ನಾನು ಸತ್ತೇ ಇರುತ್ತೇನೆ.