ಚೀಟಿ ಕಿಟಕಿಯಲ್ಲಿ ಕೂಗಿ ಕೇಳುವ ಕಾಯಿಲೆ

ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳೇ,

ನಿಮ್ಮ ಚೀಟಿ ಕಿಟಕಿಯಲ್ಲಿ ಕೂತವರು ಬಂದವರ ಕಾಯಿಲೆಯನ್ನು ಇಡೀ ಸಾಲಿಗೆ ಕೇಳುವಂತೆ ಕೂಗಿ ಕೇಳುತ್ತಾರೆ. ಆ ಕೂಗಿಗೆ ಹೆದರಿ ನನ್ನ ತಂಗಿ ಮುನಿಲಕ್ಷ್ಮಮ್ಮ ಸುಳ್ಳು ಹೇಳಿದಳು. ಆ ಸುಳ್ಳು ಅವಳನ್ನು ಹೋದ ವರ್ಷ, ತೊಂಬತ್ತಾರರಲ್ಲಿ, ಮಣ್ಣಿಗೆ ಕಳಿಸಿತು. ನನ್ನ ದೂರು ಇಷ್ಟೇ. ಇದನ್ನು ಇಲ್ಲಿನ ಭಾಷೆಯಾದ ತಮಿಳಿನಲ್ಲಿ ಬರೆದು ಎರಡು ಸಲ ನಿಮ್ಮ ಕಚೇರಿಗೆ ಕೊಟ್ಟೆ. ‘ಪರಿಶೀಲಿಸಲಾಗುವುದು’ ಎಂದು ಉತ್ತರ ಬಂತು. ಅಷ್ಟು ಗಹನವಾದ ಪರಿಶೀಲನೆಗೆ ಭಂಗ ತರಬಾರದೆಂದು ಈ ಸಲ ಕನ್ನಡ ಪತ್ರಿಕೆಗೆ ಬರೆಯುತ್ತಿದ್ದೇನೆ. ನಮ್ಮ ನೆಂಟರಿಷ್ಟರಾದರೂ ಓದಲಿ. ನಾನು ಶಾಲೆ ಕಂಡವನಲ್ಲ. ಊರಿಂದೂರಿಗೆ ಕಾಗದ ಬರೆದು ಬರೆದೇ ಅಕ್ಷರ ಕಲಿತವನು.

ತಂಗಿ ಮರಗೆಣಸಿನ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದಳು. ಬಯಲಿಗೆ ಹೋಗಲು ಕತ್ತಲಾಗಬೇಕು, ಅದಕ್ಕೇ ಹಗಲೆಲ್ಲ ನೀರು ಕುಡಿಯುತ್ತಿರಲಿಲ್ಲ. ಮಲದ ಜೊತೆ ರಕ್ತ ಬೀಳಲು ಶುರುವಾಗಿ ಎಷ್ಟು ದಿನವಾಗಿತ್ತೋ ಗೊತ್ತಿಲ್ಲ. ಮುಖ ಬಿಳಿಚಿಕೊಂಡಿದೆ ಎಂದು ನಾನೇ ಓಮಲೂರಿನ ಬಸ್ಸು ಹತ್ತಿಸಿ ನಿಮ್ಮಲ್ಲಿಗೆ ಕರೆತಂದೆ. ಸಾಲಿನಲ್ಲಿ ನಮ್ಮ ಮುಂದೆ ಒಬ್ಬ ಲಾರಿ ಡ್ರೈವರ್. ಅವನು ತುಟಿ ಅಲುಗಿಸಿದ. ಕಿಟಕಿಯೊಳಗಿಂದ, “ಎನ್ನ ವ್ಯಾದಿ? ಸತ್ತಮಾ ಸೊಲ್ಲು!” ಏನು ಕಾಯಿಲೆ, ಜೋರಾಗಿ ಹೇಳು ಎಂದು. ಅವನು ಜೋರಾಗಿ ‘ಮೂಲಂ’, ಅಂದರೆ ಮೂಲವ್ಯಾಧಿ, ಎಂದ. ಹಿಂದಿನಿಂದ ಯಾರೋ, “ಯೋವ್, ಅಪ್ಪೋ ನಿನ್ನುಕ್ಕಿಟ್ಟೇ ಇರು, ಬೆಂಚಿಲೆ ಉಕ್ಕಾರಾದೆ!” ಎಂದರು. ನಿಂತೇ ಇರು, ಬೆಂಚಿನ ಮೇಲೆ ಕೂರಬೇಡ ಎಂಬ ಹಾಸ್ಯ. ಸಾಲೆಲ್ಲ ನಕ್ಕಿತು. ನಾನೂ ನಕ್ಕೆ, ಸ್ವಾಮಿ. ತಂಗಿ ಸೆರಗು ಬಿಗಿಮಾಡಿಕೊಂಡು, “ಒಟ್ಟೆನೋವು ಅನ್ನಣ್ಣ” ಎಂದಳು. ನಾನು ಅದನ್ನೇ ಕಿಟಕಿಗೆ ಕೂಗಿ ಹೇಳಿದೆ.

ಆರು ತಿಂಗಳು, ಹೋದಾಗಲೆಲ್ಲ ಅದನ್ನೇ ಹೇಳಿದೆ. ಅಣ್ಣನ ಮುಂದೆ, ಹತ್ತೂರಿನ ಗಂಡಸರ ಮುಂದೆ, ಯಾವ ಹೆಣ್ಣು ಆ ಜಾಗದ ಮಾತೆತ್ತುತ್ತಾಳೆ? ನಿಮ್ಮ ವೈದ್ಯರು ಚೀಟಿ ನೋಡಿದರು, ಅವಳನ್ನು ನೋಡಲಿಲ್ಲ. ಹೊಟ್ಟೆಗೆ ಮಾತ್ರೆ, ರಕ್ತ ಕಡಿಮೆಯೆಂದು ಕಬ್ಬಿಣದ ಮಾತ್ರೆ. ಕಬ್ಬಿಣಕ್ಕೆ ಮಲ ಗಟ್ಟಿಯಾಯಿತು, ರಕ್ತ ಇನ್ನೂ ಹೆಚ್ಚಾಯಿತು. ಎಂಥ ಅಚ್ಚುಕಟ್ಟಾದ ವ್ಯವಸ್ಥೆ! ಕೊನೆಗೆ ಅವಳು ನನಗೆ ಹೇಳದೆ, ಬಸ್ ಸ್ಟ್ಯಾಂಡಿನ ಹಿಂದೆ ‘ಆಪರೇಷನ್ ಇಲ್ಲ, ಒಂದೇ ಸೂಜಿ’ ಎಂದು ಬೋರ್ಡು ಹಾಕಿದವನ ಬಳಿ ಹೋದಳು. ಎಂಥ ಮದ್ದು ಚುಚ್ಚಿದನೋ. ಮೂರನೆಯ ದಿನ ಜ್ವರ ಬಂತು, ಮೂತ್ರ ಕಟ್ಟಿತು. ಏಳನೆಯ ದಿನ ನಿಮ್ಮ ಆಸ್ಪತ್ರೆಯಲ್ಲೇ ಹೋದಳು.

ಅವತ್ತು ಒಬ್ಬ ಚಿಕ್ಕ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದ್ದನ್ನು ನೆಂಟರಿಗಾಗಿ ಬರೆಯುತ್ತೇನೆ. ತಂಗಿಯರೇ, ಸೊಸೆಯರೇ, ಓದಿಸಿಕೊಂಡು ಕೇಳಿ. ಆ ಜಾಗದಲ್ಲಿ ಎಲ್ಲರಿಗೂ ರಕ್ತನಾಳದ ಮೆತ್ತೆಗಳಿರುತ್ತವೆ. ತಿಣುಕಿ ತಿಣುಕಿ ಅವು ಊದಿಕೊಂಡು ಜಾರಿದರೆ ಅದೇ ಮೂಲವ್ಯಾಧಿ. ಪಾಪವೂ ಅಲ್ಲ, ಶಾಪವೂ ಅಲ್ಲ. ನೀರು ಹೆಚ್ಚು ಕುಡಿಯಬೇಕು, ಸೊಪ್ಪು ತರಕಾರಿ ತಿನ್ನಬೇಕು, ಬೆಚ್ಚಗಿನ ನೀರಿನ ಬೇಸಿನ್ನಿನಲ್ಲಿ ಹದಿನೈದು ನಿಮಿಷ ಕೂರಬೇಕು. ಬಹಳ ಜನಕ್ಕೆ ಇಷ್ಟರಲ್ಲೇ ತಗ್ಗುತ್ತದೆ. ತಗ್ಗದಿದ್ದರೆ ಬುಡಕ್ಕೊಂದು ಸಣ್ಣ ರಬ್ಬರ್ ಉಂಗುರ ಹಾಕುತ್ತಾರೆ, ಊದಿದ್ದು ಕೆಲವು ದಿನಕ್ಕೆ ಒಣಗಿ ಉದುರುತ್ತದೆ. ಕತ್ತಿ ಬೇಕಾಗುವುದು ಕೆಲವರಿಗೆ ಮಾತ್ರ. ಸೂಜಿಯ ಚಿಕಿತ್ಸೆಯೂ ಇದೆ, ಆದರೆ ಅದು ಕಲಿತ ಕೈಯ ಕೆಲಸ. ರಕ್ತ ಬಿದ್ದದ್ದೆಲ್ಲ ಮೂಲವೂ ಅಲ್ಲ. ಕೆಲವೊಮ್ಮೆ ಒಳಗೆ ಗೆಡ್ಡೆಯೂ ಇರಬಹುದು, ಅದಕ್ಕೇ ತೋರಿಸಲೇಬೇಕು. “ನಿಮ್ಮ ತಂಗಿಗೆ ಉಂಗುರವೇ ಸಾಕಿತ್ತು ತಾತ” ಎಂದರು ಡಾಕ್ಟರಮ್ಮ. ಅವರ ಕೋಣೆ ಕಿಟಕಿಯಿಂದ ನಲವತ್ತು ಹೆಜ್ಜೆ. ಹೆಂಗಸರನ್ನು ನೋಡಲು ಹೆಣ್ಣು ಡಾಕ್ಟರಿದ್ದಾರೆಂದು ಒಂದು ಬೋರ್ಡು ಬರೆಸಲು ನಿಮ್ಮಲ್ಲಿ ಬಣ್ಣ ಮುಗಿದಿತ್ತೇ? ‘ಮೌನವಾಗಿರಿ’ ಎಂದು ಮಾತ್ರ ನಾಲ್ಕು ಕಡೆ ಬರೆಸಿದ್ದೀರಿ.

ಇಷ್ಟಕ್ಕೇ ಮುಗಿದಿದ್ದರೆ ನಾನು ಮತ್ತೆ ಬರೆಯುತ್ತಿರಲಿಲ್ಲ. ಹೋದ ವಾರ ತಂಗಿಯ ಮಗಳು ರೋಜಾ ನನ್ನ ಹೆಂಡತಿಯ ಬಳಿ ಅತ್ತಳು. ಹೆರಿಗೆಯಾಗಿ ಎರಡು ತಿಂಗಳು. ತಾಯಿಯ ಹಾಗೆಯೇ ಅವಳಿಗೂ ಅಲ್ಲೇ ರಕ್ತ ಬೀಳುತ್ತಿದೆ. ಆಸ್ಪತ್ರೆಗೆ ನಡಿ ಅಂದರೆ, “ಸತ್ರೂ ಸರಿ ಅತ್ತೆ, ಆ ಕಿಟಕಿ ತಾವ ಓಗಕಿಲ್ಲ. ಬೋರ್ಡ್‌ನೋನ ತಾವ ಓಯ್ತೀನಿ” ಅಂದಳು.

“ನಿಮ್ಮವ್ವನ್ನ ಕೊಂದೋನ ತಾವಾನೇನೇ?” ಎಂದಳು ನನ್ನ ಹೆಂಡತಿ.

“ಕೊಂದ, ದಿಟ. ಕೂಗಿ ಕೇಳಲಿಲ್ಲವಲ್ಲ.”

ಪಕ್ಕದ ಕೋಣೆಯಲ್ಲಿದ್ದ ನನಗೆ ಇದು ಕೇಳಿಸಿತು. ಇದಕ್ಕೆ ನಿಮ್ಮ ಬಳಿ ಉತ್ತರವಿದೆಯೇ? ಆ ಸೂಜಿಯವನ ಬೋರ್ಡು ಇಳಿಸುವುದು ಬೇರೆ ಇಲಾಖೆಯ ಕೆಲಸ ಎನ್ನುತ್ತೀರಿ, ಒಪ್ಪಿದೆ. ಕಿಟಕಿ ಯಾವ ಇಲಾಖೆಯದು?

ನನಗೆ ಪರಿಹಾರ ಬೇಡ, ಕ್ಷಮೆಯೂ ಬೇಡ. ಹೆಂಗಸರಿಗೆ ಬೇರೆ ಸಾಲು ಇಡಿ, ಕಿಟಕಿಯಲ್ಲಿ ಒಬ್ಬ ಹೆಂಗಸನ್ನು ಕೂರಿಸಿ, ಚೀಟಿಯಲ್ಲಿ ಹೆಸರು ವಯಸ್ಸು ಬರೆದರೆ ಸಾಕು. ಕಾಯಿಲೆಯನ್ನು ಡಾಕ್ಟರಮ್ಮ ಬಾಗಿಲು ಹಾಕಿಕೊಂಡು ಕೇಳಲಿ. ನೋಡುವ ಮಂಚಕ್ಕೆ ಒಂದು ಪರದೆ ಕಟ್ಟಿಸಿ. ಬಟ್ಟೆಯಿಲ್ಲದಿದ್ದರೆ ನನ್ನ ಹೆಂಡತಿ ಹೊಲಿದು ಕೊಡುತ್ತಾಳೆ. ಮೂರು ದಿನ ಬೇಡಿದ ಮೇಲೆ ರೋಜಾ ಒಂದೇ ಒಂದು ಸಲ ಬರಲು ಒಪ್ಪಿದ್ದಾಳೆ. ಮುಂದಿನ ತಿಂಗಳ ಮೊದಲ ಸೋಮವಾರ ಅವಳು ನನ್ನ ಹೆಂಡತಿಯ ಜೊತೆ ಆ ಕಿಟಕಿಗೆ ಬರುತ್ತಾಳೆ. ಅಂದು ಯಾರಾದರೂ ಕೂಗಿದರೆ ಅವಳು ಎರಡನೆಯ ಸಲ ಬರುವವಳಲ್ಲ.

ಇಂತಿ,
ಅಂದು ಅವಳಿಗೆ ಸಂಕೋಚವಾಗದಿರಲೆಂದು ನಿಮ್ಮ ಗೇಟಿನ ಹೊರಗೇ ನಿಲ್ಲುವ ಸೋದರಮಾವ,
ದೊಡ್ಡಮುನಿಯಪ್ಪ