ಏಳರಲ್ಲಿ ಮುಗಿಯುವ ದರ

ಮನೆಯಿಂದ, ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮಯ್ಯನಿಗೆ,

ಹೇಗಿದ್ದೀಯಪ್ಪ? ಕೆಮ್ಮು ಹೋಯಿತೋ, ಇನ್ನೂ ಎದೆಯಲ್ಲೇ ಕೂತಿದೆಯೋ? ಮರದ ಪುಡಿ ಹಾರುವಾಗ ಮೂಗಿಗೆ ಬಟ್ಟೆ ಕಟ್ಟಿಕೋ. ನಿನ್ನ ಹೆಂಡತಿಗೆ ಹೇಳಿ ಹೇಳಿ ಸಾಕಾಗಿರಬಹುದು, ಅದಕ್ಕೇ ನಾನೂ ಹೇಳುತ್ತಿದ್ದೇನೆ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದಿದ್ದೇನೆ. ಅಪ್ಪನ ಮರಗೆಲಸದ ಶೆಡ್ಡು ನನಗೆ ಬಿಟ್ಟು ನೀನು ಬೇರೆ ಊರಲ್ಲಿ ನಿನ್ನದೇ ಶೆಡ್ಡು ಹಾಕಿದ ಮೇಲೆ ನಮ್ಮಿಬ್ಬರ ಮಾತೇ ಕಡಿಮೆಯಾಯಿತು. ಅರ್ಧಕ್ಕೇ ಸ್ಕೂಲು ಬಿಟ್ಟವಳ ಕಾಗದ, ತಪ್ಪಿದ್ದಲ್ಲಿ ತಿದ್ದಿ ಓದು.

ಮೊನ್ನೆ ಸರ್ಕಾರಿ ಶಾಲೆಗಳ ಬೆಂಚಿಗೆ ಹರಾಜು ನಡೆಯಿತಲ್ಲ, ಅದರ ವಿಷಯ. ಹರಾಜೆಂದರೆ ಕೂಗಿದ ಹಾಗೆಲ್ಲ ದರ ಏರುವುದನ್ನು ಕಂಡವಳು ನಾನು. ಇದು ತಲೆಕೆಳಗು. ಕೊಳ್ಳುವುದು ಸರ್ಕಾರ. ಮಾರುವ ನಾವು ಕಂಪ್ಯೂಟರಿನ ಮುಂದೆ ಕೂತು ಒಬ್ಬರಿಗಿಂತ ಒಬ್ಬರು ಇಳಿಸುತ್ತಾ ಹೋಗಬೇಕು, ಎಲ್ಲರಿಗಿಂತ ಕೆಳಗಿಳಿದವರಿಗೆ ಕೆಲಸ. ಪರದೆಯ ಮೇಲೆ ದರ ಕಾಣುತ್ತದೆ, ಯಾರದೆಂದು ಕಾಣುವುದಿಲ್ಲ. ಇನ್ನೇನು ಮುಗಿಯಿತು ಅನ್ನುವಾಗ ಯಾರಾದರೂ ಇಳಿಸಿದರೆ ಹೊತ್ತು ಮತ್ತೆ ಬೆಳೆಯುತ್ತದೆ. ನಾನೂ ಬಿಡದೆ ಇಳಿಸುತ್ತಲೇ ಇದ್ದೆ. ಅಪ್ಪನ ಕಾಲದಿಂದ ನಮ್ಮಲ್ಲಿರುವ ಬಡಗಿಮಾವ ಪಕ್ಕದಲ್ಲಿದ್ದ. "ಹೀಗೇ ಇಳೀತಾ ಹೋದ್ರೆ ಬೆಂಚಿನ ಜೊತೆ ನನ್ನನ್ನೂ ಪುಕ್ಕಟೆ ಕೊಟ್ಟು ಬರ್ತೀಯೇನೇ ತಾಯಿ" ಅಂದ. ನನಗೆ ನಗು ಬರಲಿಲ್ಲ.

ಬೇರೆಯವರೆಲ್ಲ ಬೇಗ ಕೈಬಿಟ್ಟರು. ಉಳಿದದ್ದು ನಾನು, ಇನ್ನೊಬ್ಬ. ಅವನ ದರ ಪ್ರತಿ ಸಲವೂ ಏಳರಲ್ಲೇ ಮುಗಿಯುತ್ತಿತ್ತು, ನನ್ನದರ ಹಾಗೆಯೇ. "ದುಂಡಗೆ ದರ ಹೇಳಿದ್ರೆ ಬಾಯಿಗೆ ಬಂದಿದ್ದು ಹೇಳ್ದ ಅಂತಾರೆ, ಕೊನೇಲಿ ಏಳಿರ್ಲಿ" ಎಂದು ಅಪ್ಪ ಕಲಿಸಿದ್ದು ನಿನಗೂ ನನಗೂ ಮಾತ್ರ. ಇದು ಹೊಳೆಯುವ ಹೊತ್ತಿಗೆ ನಾವಿಬ್ಬರೂ ಮರದ ಅಸಲಿಗಿಂತ ಕೆಳಗಿದ್ದೆವು. ಫೋನು ಮಾಡೋಣವೆಂದರೆ, ಹರಾಜಿನ ನಡುವೆ ಮಾತಾಡಿಕೊಂಡರೆಂದು ಇಬ್ಬರನ್ನೂ ಹೊರಗೆ ಹಾಕುತ್ತಾರೆ. ಮೌಸು ಬಿಟ್ಟು ಎದ್ದೆ. ಕೆಲಸ ನಿನಗಾಯಿತು. ಆಮೇಲೆ ಫೋನು ಮಾಡಿದರೆ ನೀನು ಎತ್ತಲೇ ಇಲ್ಲ.

ಆ ದರಕ್ಕೆ ಬೆಂಚು ಆಗುವುದಿಲ್ಲ, ನಿನಗೂ ಗೊತ್ತು. ಕೈಬಿಟ್ಟರೆ ಠೇವಣಿ ಹೋಗಿ ಹೆಸರು ಕೆಡುತ್ತದೆ. ಮಾಡಿದರೆ ಶೆಡ್ಡು ಮುಳುಗುತ್ತದೆ. ಎರಡೂ ಬೇಡವೆಂದು ಕಾಲುಗಳನ್ನು ತೆಳ್ಳಗೆ ಕೊಯ್ದು, ಮೇಲೆ ದಪ್ಪಗೆ ಬಣ್ಣ ಬಳಿದು ಕಳಿಸಿಬಿಟ್ಟರೆ? ಒಂದೊಂದು ಬೆಂಚಿನ ಮೇಲೂ ಮಕ್ಕಳು ಒತ್ತಿಕೊಂಡು ಕೂರುತ್ತವೆ. ಕೂರುವುದೇನು, ಹತ್ತಿ ಕುಣಿಯುತ್ತವೆ. ನೀನು ಹಾಗೆ ಮಾಡುವವನಲ್ಲ. ಆದರೂ ಹೆದರಿಕೆ. ನನ್ನ ಬುದ್ಧಿಯೇ ಹೀಗೆ, ಬೈದುಕೋ.

ನಿನಗೂ ನಿನ್ನ ಹೆಂಡತಿಗೂ ಎಲ್ಲ ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ,
ಅಕ್ಕ

ವಿ.ಸೂ.: ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಈ ಕಾಗದ ಅವನ ಕೈಯಲ್ಲೇ ಕೊಡುತ್ತೇನೆ. ಬೆಂಚಿನ ಕೆಲಸ ನಮಗೇ ಆಗುತ್ತದೆಂದು ತಂದು ಒಣಗಿಸಿದ್ದ ಮರವೆಲ್ಲ ಲಾರಿಯಲ್ಲಿದೆ. ಬಡಗಿಮಾವನೂ ಬರುತ್ತಿದ್ದಾನೆ, ಅವನ ಸೊಂಟನೋವು ನೋಡಿಕೊಂಡು ಕೆಲಸ ಕೊಡು. ಹಣದ ಮಾತು ಆಮೇಲೆ. ಕಾಲುಗಳನ್ನು ಮಾತ್ರ ದಪ್ಪಗೇ ಮಾಡು. ಸಿಟ್ಟು ಮಾಡಿ ಮರ ವಾಪಸ್ ಕಳಿಸಬೇಡ, ಇಲ್ಲಿ ತೆಗೆದುಕೊಳ್ಳುವವರಿಲ್ಲ. ಅಪ್ಪನ ಶೆಡ್ಡಿಗೆ ನಿನ್ನೆ ಬೀಗ ಹಾಕಿದೆ.