ಮಗ್ಗದ ಕುಳಿಯಿಂದ ಬಂದ ಕರೆ

ಅವ್ವಾ,

ನೀನು ಓದು ಕಲಿಯಲಿಲ್ಲ. ಕಲಿತಿದ್ದರೂ ಇದು ನಿನಗೆ ತಲುಪುತ್ತಿರಲಿಲ್ಲ. ಆದರೂ ಇವತ್ತು ಮಧ್ಯಾಹ್ನ ನಡೆದದ್ದನ್ನು ಬೇರೆ ಯಾರಿಗೂ ಹೇಳುವ ಧೈರ್ಯ ನನಗಿಲ್ಲ.

ನಿನ್ನ ಮೊಮ್ಮಗಳು ಇಂದುಜಾಳ ಶಾಲೆಯಲ್ಲಿ ನಾಳೆ ಹ್ಯಾಲೋವೀನ್ ಅಂತೆ. ಮನೆಯಲ್ಲೇ ದೆವ್ವದ ಅಲಂಕಾರ ಮಾಡಿ ತರಬೇಕಂತೆ. ನಿನ್ನ ಅಳಿಯ ಓಮಲೂರಿನಿಂದ ಕಪ್ಪು ಕಾಗದ ತಂದು ಬಾವಲಿಗಳನ್ನು ಕತ್ತರಿಸಿಕೊಟ್ಟರು. ಜೇಡರ ಬಲೆಗೆ ನಿನ್ನ ಮಗ್ಗದಲ್ಲಿ ಉಳಿದಿರುವ ಬಿಳಿ ನೂಲು ಎಳೆದುಕೋ ಎಂದು ಇಂದುಜಾಗೆ ಹೇಳಿ ನಾನು ಅಡುಗೆಮನೆಗೆ ಹೋದೆ. ನೀನು ಹೋದ ಮೇಲೆ ಆ ನೂಲನ್ನು ಯಾರೂ ಮುಟ್ಟಿರಲಿಲ್ಲ.

ಸ್ವಲ್ಪ ಹೊತ್ತಿಗೆ, ನೀನು ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಳಿಯಿಂದ ದನಿ ಬಂತು.

"ನೂಲ್ ಕಿತ್ತೋಯ್ತು, ಬಿರ್ನೆ ಬಾ."

ಕಣ್ಣು ಮಂಜಾದ ಮೇಲೆ, ಬೇಗ ಬಂದು ನೂಲು ಕಟ್ಟಿಕೊಡು ಎಂದು ನೀನು ದಿನಕ್ಕೆ ಹತ್ತು ಸಲ ನನ್ನನ್ನು ಕರೆಯುತ್ತಿದ್ದ ಮಾತು. ಕೈಯಲ್ಲಿದ್ದ ಸೌಟು ಬಿತ್ತು. ಇಣುಕಿದರೆ, ನೀನು ಕೂರುತ್ತಿದ್ದ ಜಾಗದಲ್ಲೇ ಯಾರೋ ಬಿಳಿ ಬಟ್ಟೆ ಹೊದ್ದು, ಬಗ್ಗಿ ಕೂತಿದ್ದರು. ಬಾಯಿಂದ ತಾನಾಗಿಯೇ ಬಂತು:

"ಬಂದೆ ಅವ್ವಾ, ಎರಡ್ ನಿಮಿಷ."

ಇಂದುಜಾ ದೆವ್ವದ ವೇಷದ ಬಟ್ಟೆ ಸರಿಸಿ ನಕ್ಕಳು. "ನಾನೇ ಅಮ್ಮಾ! ಪೇಯ್ ವೇಷ. ಎದರ್ಕೊಂಡ್ಯಾ?"

ಕಿತ್ತ ನೂಲು ಅವಳ ಬೆರಳಲ್ಲಿತ್ತು.

ನೀನು ಹೋದ ದಿನ ಹೀಗೇ ಕರೆದಾಗಲೂ ನಾನು ಅಂದದ್ದು ಅದೇ ಎರಡು ನಿಮಿಷದ ಮಾತು. ಫೋನಿನಲ್ಲಿ ಮಾತು ಮುಗಿಸಿ ಬರುವಷ್ಟರಲ್ಲಿ ನಿನ್ನ ತಲೆ ಮಗ್ಗದ ಮೇಲೆ ವಾಲಿತ್ತು. ಕಿತ್ತ ನೂಲು ನಿನ್ನ ಬೆರಳಲ್ಲೇ ಇತ್ತು.

ಇಂದುಜಾ ಮತ್ತೆ ಕರೆಯುತ್ತಿದ್ದಾಳೆ, ಅದೇ ಕುಳಿಯಿಂದ. ಹೋಗಲೂ ಭಯ, ಎರಡು ನಿಮಿಷ ಅನ್ನಲು ಇನ್ನೂ ಭಯ. ಈ ಸಾಲನ್ನೂ ಮುಗಿಸದೆ ಏಳುತ್ತಿದ್ದೇನೆ, ಅವ್ವಾ